ಪಂಡಿತಾ ರಮಾಬಾಯಿಯವರು: ದುಃಖದಲ್ಲಿ ದೊರೆತ ದೇವಸಾನ್ನಿಧ್ಯ

ಸುಖದ ದಿನಗಳಲ್ಲಿ ದೇವರನ್ನು ಸ್ತುತಿಸುವುದು ಸುಲಭ. ಮನೆಯೊಳಗೆ ಮರಣವು ಕಾಲಿಟ್ಟಾಗ, ಹಸಿವು ಬಾಗಿಲಲ್ಲಿ ನಿಂತಾಗ, ಆತನು ನಮ್ಮ ಸಂಗಡ ಇದ್ದಾನೆಯೇ ಎಂದು ನಾವೆಲ್ಲರೂ ಕೇಳಿಕೊಳ್ಳುತ್ತೇವೆ. ಈ ಪ್ರಶ್ನೆಯನ್ನು ಚಿಕ್ಕಂದಿನಿಂದಲೇ ಹೊತ್ತು ನಡೆದ ಒಬ್ಬ ಮಹಿಳೆಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುತ್ತೇವೆ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ನಮ್ಮ ಕನ್ನಡನಾಡಿನ ಘಟ್ಟಸೀಮೆಯ ಗಂಗಾಮೂಲವೆಂಬ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತ ವಿದ್ವಾಂಸರು. ಸ್ತ್ರೀಯರಿಗೆ ಆ ವಿದ್ಯೆ ಸಲ್ಲದೆಂದು ಜನರು ಆಕ್ಷೇಪಿಸಿದರೂ ಅವರು ಪತ್ನಿ ಲಕ್ಷ್ಮೀಬಾಯಿಗೆ ಪಾಠ ಹೇಳಿದರು; ತಾಯಿಯು ಮಗಳಿಗೆ ಕಲಿಸಿದರು. ಮಗುವು ಕೆಲವೇ ತಿಂಗಳಿನದಾಗಿದ್ದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಪುರಾಣಪಠನವೇ ಅವರ ಜೀವನೋಪಾಯವಾಗಿತ್ತು.

1870ರ ದಶಕದ ಘೋರಕ್ಷಾಮದಲ್ಲಿ ಕೈಯಲ್ಲಿದ್ದುದೆಲ್ಲವೂ ತೀರಿತು. ಕಾಡಿನ ಎಲೆಗಳೇ ಆಹಾರವಾದವು. ತಂದೆಯು ಸಾಯುವ ಮುನ್ನ ಕಿರಿಯ ಮಗಳನ್ನು ಬಳಿಗೆ ಕರೆದು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಆಯುಷ್ಯವೆಲ್ಲ ಆತನನ್ನೇ ಸೇವಿಸಬೇಕೆಂದೂ ಹೇಳಿದರು. ಬಳಿಕ ತಾಯಿಯೂ ಅಕ್ಕನೂ ತೀರಿಹೋದರು. ತಾಯಿಯ ಶವವನ್ನು ಹೊರಲು ಸಾಕಷ್ಟು ಜನರಿರಲಿಲ್ಲ. ರಮಾಬಾಯಿಯವರೇ ಹೆಗಲು ಕೊಡಬೇಕಾಯಿತು. ಕುಳ್ಳಗಿದ್ದುದರಿಂದ ತಮ್ಮ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತರು. ಅನಂತರ ಅಣ್ಣ ಶ್ರೀನಿವಾಸನೊಡನೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದರು. ಝೀಲಂ ನದೀತೀರದ ಚಳಿಯಲ್ಲಿ ಇಬ್ಬರೂ ಮರಳಿನಲ್ಲಿ ಗುಳಿ ತೋಡಿ, ಮೈಮೇಲೆ ಮರಳನ್ನೇ ಹೊದ್ದು ಮಲಗಿದ್ದುಂಟು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಆದರೆ 1880ರಲ್ಲಿ ಅಣ್ಣನು ಮಡಿದನು. ಅದೇ ವರ್ಷ ಕೈಹಿಡಿದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೂ 1882ರಲ್ಲಿ ಕಾಲರಾ ಬೇನೆಯಿಂದ ತೀರಿಹೋದರು. ಉಳಿದದ್ದು ಕೂಸು ಮನೋರಮೆ ಮಾತ್ರ.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತ ಸಹೋದರಿಯರು ಸಮಾಜವು ತಳ್ಳಿಬಿಟ್ಟ ಸ್ತ್ರೀಯರನ್ನು ಪ್ರೀತಿಯಿಂದ ಸಂರಕ್ಷಿಸುವುದನ್ನು ಕಂಡು ಬೆರಗಾದರು. ಸಮಾರ್ಯದ ಸ್ತ್ರೀಯೊಡನೆ ಯೇಸುಸ್ವಾಮಿಯು ಬಾವಿಯ ಬಳಿ ಮಾತಾಡಿದ ವೃತ್ತಾಂತವು ಅವರ ಹೃದಯವನ್ನು ಮುಟ್ಟಿತು. ಆ ವರ್ಷವೇ ದೀಕ್ಷಾಸ್ನಾನ ಹೊಂದಿದರು. ಆದರೂ ತಮಗೆ ಕ್ರೈಸ್ತಮತವು ಸಿಕ್ಕಿತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲವೆಂದು ಅವರು ಮುಂದೆ ಅರಿತುಕೊಂಡರು. ಸುಮಾರು ಎಂಟು ವರ್ಷಗಳ ಬಳಿಕವೇ ಅವರ ಮನಸ್ಸಿಗೆ ಪೂರ್ಣಶಾಂತಿ ದೊರೆಯಿತು. ದೇವಸಾನ್ನಿಧ್ಯವು ಎಲ್ಲರಿಗೂ ಒಂದೇ ದಿನದಲ್ಲಿ ಅನುಭವಕ್ಕೆ ಬರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

1889ರಲ್ಲಿ ಬಾಲವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. 1896–97ರಲ್ಲಿ ಮಧ್ಯಪ್ರಾಂತ್ಯಗಳಿಗೆ ಕ್ಷಾಮ ಬಂದಾಗ, ತಾವು ಹಿಂದೆ ಅನುಭವಿಸಿದ ಹಸಿವು ಅವರನ್ನು ಮನೆಯಲ್ಲಿ ಕೂಡಗೊಡಲಿಲ್ಲ. ಸ್ವತಃ ಹೋಗಿ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದರು. ಪೂನಾ ಸಮೀಪದ ಕೇಡಗಾಂವದಲ್ಲಿ ಮುಕ್ತಿಸದನವು ಬೆಳೆಯಿತು. ಅಲ್ಲಿ ಕುರುಡರು ಬೆರಳುಗಳಿಂದ ಓದಲು ಕಲಿತರು. ಅನಾಥೆಯರು ನೇಯ್ಗೆಯನ್ನೂ ಅಚ್ಚಿನ ಕೆಲಸವನ್ನೂ ಕಲಿತರು.

ಕೊನೆಯ ಪೆಟ್ಟು ಇನ್ನೂ ಉಳಿದಿತ್ತು. ತಾಯಿಗೆ ಬಲಗೈಯಾಗಿ ಕಲಬುರ್ಗಿಯ ಶಾಲೆಯನ್ನು ನಡೆಸಿದ ಮನೋರಮೆಯು 1921ರಲ್ಲಿ ತೀರಿಕೊಂಡರು. ಕಿವಿ ಮಂದವಾಗಿ ದೇಹವು ಕುಗ್ಗಿದ್ದ ರಮಾಬಾಯಿಯವರು ಸತ್ಯವೇದದ ಮರಾಠಿ ಭಾಷಾಂತರವನ್ನು ಕೈಬಿಡಲಿಲ್ಲ. ಅದನ್ನು ಮುಗಿಸಿ, 1922ನೆಯ ಇಸವಿ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ಅಷ್ಟು ಮರಣಗಳು ಏಕೆ ಬಂದವೆಂಬುದಕ್ಕೆ ಈ ಚರಿತ್ರೆಯಲ್ಲಿ ಉತ್ತರವಿಲ್ಲ. ಆದರೆ ಹಸಿದಿದ್ದವಳೇ ಹಸಿದವರ ಗುರುತು ಹಿಡಿದಳು. ವಿಧವೆಯೇ ವಿಧವೆಯರಿಗೆ ತಾಯಿಯಾದಳು. ಪ್ರಿಯ ಸೋದರಿಯರೇ, ನಮ್ಮಲ್ಲಿಯೂ ಪತಿಯನ್ನೋ ಮಗುವನ್ನೋ ಕಳೆದುಕೊಂಡವರು ಇದ್ದಾರೆ. ಅವರ ದುಃಖಕ್ಕೆ ಕಾರಣ ಹೇಳಲು ನಾವು ಶಕ್ತರಲ್ಲ. ಅವರ ಮನೆಗೆ ಹೋಗಿ ಬಳಿಯಲ್ಲಿ ಕುಳಿತುಕೊಳ್ಳಲು ಶಕ್ತರು. ಶಿಲುಬೆಯ ನೋವನ್ನು ಬಲ್ಲ ರಕ್ಷಕನು ಅಲ್ಲಿ ನಮಗಿಂತ ಮೊದಲೇ ಬಂದಿರುವನೆಂದು ನಂಬುತ್ತೇವೆ.