ಕಲ್ಲಿನ ಮೇಲೆ ರಾಕೆಟ್ ಓಡಿಸುತ್ತಿರುವವನು ಯಾರು? ಮಾಯಾ ದೊರೆ ಪಕಾಲನ ನಿಜ ಕಥೆ

ಈ ಫೋಟೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಹಳೆಯ ಕಲ್ಲಿನ ಕೆತ್ತನೆ. ಅದರಲ್ಲೊಬ್ಬ ಮುಂದಕ್ಕೆ ಬಾಗಿ ಕೂತಂತಿದ್ದಾನೆ, ಕೈ ಯಾವುದೋ ಹಿಡಿಕೆಯ ಮೇಲಿದ್ದಂತಿದೆ, ಹಿಂದೆ ಬೆಂಕಿಯಂಥದ್ದೇನೋ. ಮಾಯಾ ಜನರಿಗೆ ಅನ್ಯಗ್ರಹದವರು ರಾಕೆಟ್ ಕೊಟ್ಟಿದ್ದರು ಎಂಬುದು ಜೊತೆಗಿನ ಬರಹ.

ಮೊದಲು ಫೋಟೋ ತಿರುಗಿಸಿ. ಅದನ್ನು ಅಡ್ಡ ಮಾಡಿ ಕಳಿಸಿದ್ದಾರೆ. ನೆಟ್ಟಗೆ ನಿಲ್ಲಿಸಿದರೆ ನಡುವೆ ಒಂದು ಮರ, ಮರದ ತುದಿಯಲ್ಲಿ ಹಕ್ಕಿ, ಬುಡದಲ್ಲಿ ಪಾತಾಳದ ತೆರೆದ ದವಡೆ ಕಾಣುತ್ತದೆ. ರಾಕೆಟ್ಟಿನ ತುದಿಯಲ್ಲಿ ಹಕ್ಕಿಗೇನು ಕೆಲಸ?

ಕೆತ್ತನೆಯಲ್ಲಿರುವವನು ಪೈಲಟ್ ಅಲ್ಲ, ಕಿನಿಚ್ ಜನಾಬ್ ಪಕಾಲ್ ಎಂಬ ದೊರೆ. ಇಂದಿನ ಮೆಕ್ಸಿಕೋದ ಚಿಯಾಪಾಸ್ ರಾಜ್ಯದಲ್ಲಿರುವ ಪಲೆಂಕೆ ಅವನ ಊರು. ಹುಟ್ಟಿದ್ದು 603ರ ಮಾರ್ಚ್‌ನಲ್ಲಿ, ಅಂದರೆ ಕೊಲಂಬಸ್ ಅಮೆರಿಕ ತಲುಪುವುದಕ್ಕೆ ಸುಮಾರು 900 ವರ್ಷ ಮೊದಲು. ಆಗ ಊರಿನ ಸ್ಥಿತಿ ಚೆನ್ನಾಗಿರಲಿಲ್ಲ. ಬಲಿಷ್ಠ ಕಲಕ್‌ಮುಲ್ ರಾಜ್ಯ 599ರಲ್ಲಿ ಒಮ್ಮೆ, 611ರಲ್ಲಿ ಮತ್ತೊಮ್ಮೆ ಪಲೆಂಕೆಯ ಮೇಲೆ ದಾಳಿ ಮಾಡಿತ್ತು. 615ರಲ್ಲಿ ಪಕಾಲ್ ಪಟ್ಟಕ್ಕೇರಿದಾಗ ಅವನಿಗೆ 12 ವರ್ಷ, ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗನ ವಯಸ್ಸು. ತಾಯಿ ಸಕ್ ಕುಕ್ ಮಗನಿಗೆ ಕಿರೀಟ ಕೊಡುತ್ತಿರುವ ಕೆತ್ತನೆ ಅರಮನೆಯಲ್ಲಿ ಇಂದಿಗೂ ಇದೆ.

ಸೋತ ಊರನ್ನು ಆ ಹುಡುಗ ಎತ್ತಿ ನಿಲ್ಲಿಸಿದ. ಅರಮನೆಯನ್ನು ಬೆಳೆಸಿದ, ಗೋಡೆಗಳ ಮೇಲೆ ಇತಿಹಾಸ ಬರೆಸಿದ. 683ರ ಆಗಸ್ಟ್‌ನಲ್ಲಿ ಸಾಯುವವರೆಗೆ, 68 ವರ್ಷ ಆಳಿದ. ಕೊನೆಗಾಲದಲ್ಲಿ ತನ್ನ ಸಮಾಧಿಗಾಗಿಯೇ ಒಂದು ಪಿರಮಿಡ್ ಕಟ್ಟಿಸತೊಡಗಿದ. ಅದನ್ನು ಮುಗಿಸಿದವನು ಮಗ ಕಾನ್ ಬಹ್ಲಮ್.

ಆ ಸಮಾಧಿ ಸಿಕ್ಕಿದ್ದು ತಡವಾಗಿ. ಪುರಾತತ್ವಜ್ಞ ಆಲ್ಬರ್ಟೋ ರೂಸ್ ಪಿರಮಿಡ್ ಮೇಲಿನ ಗುಡಿಯ ನೆಲಹಾಸಿನ ಒಂದು ಚಪ್ಪಡಿಯಲ್ಲಿ ಮುಚ್ಚಿದ ತೂತುಗಳಿರುವುದನ್ನು ಗಮನಿಸಿದರು. ಎತ್ತಿ ನೋಡಿದರೆ ಕೆಳಗೆ ಮೆಟ್ಟಿಲು, ಪೂರ್ತಿ ಕಲ್ಲುಮಣ್ಣು ತುಂಬಿತ್ತು. ಅದನ್ನು ತೆಗೆಯಲು ಕೆಲವು ವರ್ಷಗಳೇ ಹಿಡಿದವು. 1952ರಲ್ಲಿ ಕೋಣೆ ತೆರೆದಾಗ ಒಳಗೆ ಕಲ್ಲಿನ ಶವಪೆಟ್ಟಿಗೆ, ಅದರಲ್ಲಿ ಹಸಿರು ಜೇಡ್ ಶಿಲೆಯ ಮುಖವಾಡ ತೊಟ್ಟ ಪಕಾಲ್. ಫಾರ್ವರ್ಡ್‌ನ ಚಿತ್ರ ಆ ಪೆಟ್ಟಿಗೆಯ ಮುಚ್ಚಳದ್ದು.

ರಾಕೆಟ್ ಕಥೆ ಜನಪ್ರಿಯವಾಗಿದ್ದು 1968ರಲ್ಲಿ ಬಂದ ಎರಿಕ್ ಫಾನ್ ಡ್ಯಾನಿಕನ್ ಅವರ ಪುಸ್ತಕದಿಂದ. ಮಾಯಾ ಲಿಪಿಯ ಹೆಚ್ಚಿನ ಭಾಗವನ್ನು ಆಗಿನ್ನೂ ಓದಲಾಗಿರಲಿಲ್ಲ. ಐದು ವರ್ಷದ ನಂತರ, 1973ರಲ್ಲಿ, ಲಿಂಡಾ ಶೀಲ್, ಪೀಟರ್ ಮ್ಯಾಥ್ಯೂಸ್ ಮತ್ತು ಫ್ಲಾಯ್ಡ್ ಲೌನ್ಸ್‌ಬರಿ ಪಲೆಂಕೆಯಲ್ಲೇ ಕೂತು ಅಲ್ಲಿನ ರಾಜರ ಪಟ್ಟಿಯನ್ನು ಬಿಡಿಸಿದರು. ಮುಚ್ಚಳದ ಅಂಚಿನಲ್ಲಿದ್ದ ಅಕ್ಷರಗಳು ಪಕಾಲ್ ಹುಟ್ಟಿದ ದಿನವನ್ನೂ ಸತ್ತ ದಿನವನ್ನೂ ಹೇಳುತ್ತವೆ. ನಮ್ಮ ವೀರಗಲ್ಲುಗಳ ಮೇಲಿರುವ ಬರಹದಂತೆ, ಇದು ಯಾರ ಕಲ್ಲು ಎಂದು ಕಲ್ಲೇ ಹೇಳುತ್ತದೆ.

ಫಾರ್ವರ್ಡ್‌ಗಳಲ್ಲಿ ಎಂದೂ ಬಾರದ ಭಾಗವೆಂದರೆ ಪೆಟ್ಟಿಗೆಯ ಪಕ್ಕಗಳು. ನಮಗಂತೂ ಅವೇ ಹೆಚ್ಚು ಇಷ್ಟ. ಅಲ್ಲಿ ಪಕಾಲನ ಪೂರ್ವಿಕರು ಹಣ್ಣಿನ ಮರಗಳಾಗಿ ನೆಲದಿಂದ ಚಿಗುರುತ್ತಿದ್ದಾರೆ. ತಾಯಿಯ ಹಿಂದೆ ಕೋಕೋ ಮರ. ಉಳಿದವರ ಜೊತೆ ಸೀಬೆ, ಬೆಣ್ಣೆಹಣ್ಣು. ಇವೆಲ್ಲ ಅಮೆರಿಕದಿಂದಲೇ ನಮ್ಮ ತೋಟಗಳಿಗೆ ಬಂದ ಗಿಡಗಳು. ಇದನ್ನು ನೋಡಿದ ಮೇಲೆ ಮುಚ್ಚಳದ ಅರ್ಥವೂ ತಿಳಿಯಾಗುತ್ತದೆ. ಬಿತ್ತಿದ ಮೆಕ್ಕೆಜೋಳ ಮಣ್ಣಿನಿಂದ ಮತ್ತೆ ಏಳುವಂತೆ ದೊರೆಯೂ ಪಾತಾಳದಿಂದ ಮರುಹುಟ್ಟು ಪಡೆಯುತ್ತಾನೆ.

ಮಾಯಾ ಜನ ಎಲ್ಲೂ ಮಾಯವಾಗಿಲ್ಲ. ಪಲೆಂಕೆಯ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಚೋಲ್ ಭಾಷೆ ಮಾತಾಡುತ್ತಾರೆ. ಪಕಾಲನ ಶಾಸನಗಳ ಭಾಷೆಗೆ ಅದು ಹತ್ತಿರದ ನೆಂಟ.