ಅಲೋಯಿಸ್ ಆಲ್ಜೈಮರ್

ಅರವತ್ತಕ್ಕೆ ಅರಳುಮರಳೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಮರೆವೆಲ್ಲವೂ ಮುಪ್ಪಿನ ಸಹಜಧರ್ಮವಲ್ಲ, ಅದರ ಹಿಂದೆ ರೋಗವೂ ಇರಬಹುದೆಂದು ತೋರಿಸಿಕೊಟ್ಟವರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರನ ಹೆಸರು ಚಿರಸ್ಮರಣೀಯವಾದುದು.

ಈತನು 1864ನೆಯ ಇಸವಿ ಜೂನ್ 14ರಂದು ಬವೇರಿಯಾ ಪ್ರಾಂತದ ಮಾರ್ಕ್ಟ್‌ಬ್ರೈಟ್ ಎಂಬ ಊರಿನಲ್ಲಿ ಜನಿಸಿದನು. 1887ರಲ್ಲಿ ವೈದ್ಯ ಪದವಿಯನ್ನು ಪಡೆದು, ಮರುವರ್ಷ ಫ್ರಾಂಕ್‌ಫರ್ಟಿನ ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಸೇರಿದನು. ರೋಗಿಗಳ ಆರೈಕೆಯೊಡನೆ ಸೂಕ್ಷ್ಮದರ್ಶಕದಲ್ಲಿ ಮೆದುಳನ್ನು ಪರೀಕ್ಷಿಸುವುದೂ ಅವನ ನಿತ್ಯದ ಕೆಲಸವಾಯಿತು. ನರಕೋಶಗಳಿಗೆ ಬಣ್ಣ ಕಟ್ಟುವುದರಲ್ಲಿ ನಿಪುಣನಾದ ಫ್ರಾಂಟ್ಸ್ ನಿಸ್ಲ್ ಅವನಿಗೆ ಅಲ್ಲಿ ದೊರೆತ ಗೆಳೆಯ.

1901 ಅವನ ಬಾಳಿನಲ್ಲಿ ದುಃಖದ ವರ್ಷ. ಮೂವರು ಎಳೆಯ ಮಕ್ಕಳನ್ನು ಬಿಟ್ಟು ಪತ್ನಿ ತೀರಿಕೊಂಡಳು. ಅದೇ ನವೆಂಬರಿನಲ್ಲಿ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಆಸ್ಪತ್ರೆಗೆ ಕರೆತಂದರು. ತನ್ನ ಹೆಸರನ್ನು ಬರೆಯ ಹೊರಟರೆ ಆಕೆ ಅರ್ಧಕ್ಕೇ ಮರೆತುಬಿಡುವಳು. ಕೊಡಲು ಮದ್ದಿರಲಿಲ್ಲ. ಆದರೂ ಆಲ್ಜೈಮರನು ಬಳಿಯಲ್ಲಿ ಕುಳಿತು ತಾಳ್ಮೆಯಿಂದ ಮಾತನಾಡಿಸಿ ಎಲ್ಲವನ್ನೂ ಬರೆದಿಟ್ಟನು.

ಮುಂದೆ ಅವನು ಮ್ಯೂನಿಚ್ ನಗರಕ್ಕೆ ಹೋದನು. 1906ರ ಏಪ್ರಿಲಿನಲ್ಲಿ ಆಗುಸ್ಟೆ ಮೃತಳಾಗಲು, ಆಕೆಯ ಮೆದುಳನ್ನು ತರಿಸಿಕೊಂಡು, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ನೋಡಿದನು. ನರಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಅವುಗಳ ನಡುವೆ ಕಲೆಗಳೂ ಕಂಡುಬಂದವು. ಅದೇ ನವೆಂಬರ್ 3ರಂದು ಟ್ಯೂಬಿಂಗೆನ್ನಿನ ವೈದ್ಯಸಭೆಯಲ್ಲಿ ಇದನ್ನು ವಿವರಿಸಿದಾಗ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಹಿರಿಯ ವೈದ್ಯ ಕ್ರೆಪೆಲಿನನು ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜೈಮರನ ಹೆಸರನ್ನಿಟ್ಟನು. 1912ರಲ್ಲಿ ಬ್ರೆಸ್ಲಾವಿನಲ್ಲಿ ಪ್ರಾಧ್ಯಾಪಕನಾದ ಆಲ್ಜೈಮರನು 1915ರ ಡಿಸೆಂಬರ್ 19ರಂದು ತೀರಿಕೊಂಡನು. ಆಗ ಅವನ ವಯಸ್ಸೂ 51.

ಅವನು ಕಂಡ ಕಲೆಗಳಲ್ಲಿರುವುದು ಅಮಿಲಾಯ್ಡ್ ಎಂಬ ಪ್ರೋಟೀನು. ಅದನ್ನು ತೊಡೆಯುವ ಲೆಕನೆಮಾಬ್ ಎಂಬ ಔಷಧವನ್ನು ರೋಗದ ಆರಂಭದಲ್ಲಿದ್ದ 1795 ಜನರಲ್ಲಿ ಪರೀಕ್ಷಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಹುಸಿಮದ್ದು. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯನಿಗೂ ತಿಳಿಯದು. 18 ತಿಂಗಳ ತರುವಾಯ ಔಷಧ ಪಡೆದವರಲ್ಲಿ ಬುದ್ಧಿಶಕ್ತಿ ಕುಂದುವ ವೇಗ ಶೇಕಡ 27ರಷ್ಟು ಕಡಿಮೆಯಾಗಿತ್ತು. ಕೆಲವರಿಗೆ ಮೆದುಳಿನಲ್ಲಿ ಊತವೂ ರಕ್ತಸ್ರಾವವೂ ಆದವು. ರೋಗವು ನಿಲ್ಲಲಿಲ್ಲ, ನಿಧಾನವಾಯಿತು, ಅಷ್ಟೆ.

ನನ್ನ ಅಜ್ಜಿ ಕೊನೆಗಾಲದಲ್ಲಿ ನನ್ನನ್ನು ನನ್ನ ತಂದೆಯೆಂದೇ ತಿಳಿದು ಕರೆಯುತ್ತಿದ್ದಳು. ಅಕ್ಷರವರಿಯದ ನಮ್ಮ ಮನೆಯಲ್ಲಿ ಅದನ್ನು ರೋಗವೆಂದು ಯಾರೂ ಬಗೆಯಲಿಲ್ಲ. ಮಕ್ಕಳಾದ ನಾವು ನಗುತ್ತಿದ್ದೆವು. ಆಲ್ಜೈಮರನ ಚರಿತ್ರೆಯನ್ನೋದಿದ ಮೇಲೆ ಆ ನಗೆಗಾಗಿ ನಾಚುತ್ತೇನೆ. ಮದ್ದಿಲ್ಲದ ಕಾಲದಲ್ಲಿಯೂ ಅವನು ರೋಗಿಯ ಬಳಿ ಕುಳಿತು ಕೇಳಿದನು. ಅಷ್ಟನ್ನು ನಾವೂ ಮಾಡಬಹುದಾಗಿತ್ತು.