ಕದ ಮುಚ್ಚಿದ ವಿದ್ಯೆ: ರಾಜಾ ರವಿವರ್ಮನ ಕಲಿಕೆ

ಪುತ್ತೂರು, ಸುಳ್ಯ, ಕಡಬಗಳ ಕಡೆಯ ಹಳೆಯ ಮನೆಗಳಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿಯ, ವೀಣಾಪಾಣಿಯಾದ ಸರಸ್ವತಿಯ ಪಟಗಳನ್ನು ಕಂಡವರು ಅನೇಕರು. ಅಂಥ ಪಟವನ್ನೇ ಎದುರಿಗಿಟ್ಟು, ಚೌಕಗಳನ್ನೆಳೆದು ಪ್ರತಿಮಾಡುತ್ತ ಕೈ ಪಳಗಿಸಿಕೊಂಡ ಹುಡುಗರೂ ಉಂಟು. ಆ ಪಟಗಳ ಕರ್ತೃವೂ ಒಂದು ಕಾಲಕ್ಕೆ ಪರರ ಚಿತ್ರಗಳೆದುರು ನಿಂತು, ನೋಡಿಯೇ ಕಲಿತವನೆಂಬುದನ್ನು ನಾವು ಮರೆಯಲಾಗದು.

ರವಿವರ್ಮನು 1848ರ ಏಪ್ರಿಲ್ 29ರಂದು ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಜನಿಸಿದನು. ಸೋದರಮಾವ ರಾಜರಾಜವರ್ಮನೇ ಮೊದಲ ಗುರು. 1862ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯ ದೊರೆಯಿತು. ನೀರುಬಣ್ಣ ಅವನ ಕೈಗೆ ಒಲಿದಿತ್ತು. ಒಲಿಯದೆ ಉಳಿದದ್ದು ಎಣ್ಣೆಬಣ್ಣ. ಅಗಸೆಎಣ್ಣೆಯಲ್ಲಿ ಕಲಸಿದ ಬಣ್ಣ ಬೇಗನೆ ಆರದು. ಆದುದರಿಂದಲೇ ನೆಳಲು ಬೆಳಕುಗಳನ್ನು ಒಂದರೊಳಗೊಂದು ಕರಗಿಸಿ, ಕೆನ್ನೆಯ ಮೃದುತ್ವವನ್ನೂ ಪಟ್ಟೆಯ ಹೊಳಪನ್ನೂ ಮೂಡಿಸಬಹುದು. ಆದರೆ ಅದರ ಮರ್ಮವನ್ನು ಅರಿತವರು ಆಗ ವಿರಳ.

ಅದನ್ನು ಬಲ್ಲ ಮಧುರೆಯ ರಾಮಸ್ವಾಮಿ ನಾಯ್ಕರ್ ಹೇಳಿಕೊಡಲೊಪ್ಪಲಿಲ್ಲ. ನಾಯ್ಕರರ ಶಿಷ್ಯ ಆರುಮುಗಂ ಪಿಳ್ಳೆ ಗುಟ್ಟಾಗಿ ನೆರವಾದನೆಂದು ಚರಿತ್ರಕಾರರು ಹೇಳುತ್ತಾರೆ. 1868ರಲ್ಲಿ ಮಹಾರಾಜರ ಭಾವಚಿತ್ರ ಬರೆಯಲು ಬಂದ ಥಿಯೋಡೋರ್ ಜೆನ್ಸನ್ ಕೂಡ ಕಲಿಸಲಿಲ್ಲ. ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟನು. ತರುಣನಿಗೆ ಅಷ್ಟೇ ಸಾಕಾಯಿತು. ಕಂಡದ್ದನ್ನು ಕಣ್ಣಿನಲ್ಲಿ ಹೊತ್ತು ತಂದು, ಅರಮನೆಯಲ್ಲಿದ್ದ ಐರೋಪ್ಯ ಚಿತ್ರಗಳ ಅಂಗವಿನ್ಯಾಸವನ್ನು ಅಭ್ಯಸಿಸಿ, ತಪ್ಪುತ್ತ ತಿದ್ದಿಕೊಳ್ಳುತ್ತ ಸಾಗಿದನು.

1870ರಲ್ಲಿ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತವನ್ನು ನಡೆಸಿ ಹಿಂದಿರುಗುವಾಗ, ಕಲ್ಲಿಕೋಟೆಯಲ್ಲಿ ಒಂದು ಕುಟುಂಬದ ಚಿತ್ರವನ್ನು ಬರೆದು ಮೊದಲ ಸಂಭಾವನೆ ಪಡೆದನು. 1873ರಲ್ಲಿ ಮುಡಿ ಸಿಂಗರಿಸಿಕೊಳ್ಳುವ ನಾಯರ್ ಸ್ತ್ರೀಯ ಚಿತ್ರಕ್ಕೆ ಮದರಾಸಿನಲ್ಲಿ ಚಿನ್ನದ ಪದಕವೂ ವಿಯೆನ್ನಾದಲ್ಲಿ ಪುರಸ್ಕಾರವೂ ಬಂದವು. ಮುಂದೆ ಬಡೋದೆ, ಮೈಸೂರು ಅರಸರೂ ಅವನನ್ನು ಬರಮಾಡಿಕೊಂಡರು. ಅವನ ಕೃತಿಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು.

ಅವನದು ಪಶ್ಚಿಮದ ಅನುಕರಣವೆಂದು ಆಕ್ಷೇಪಿಸಿದವರುಂಟು. ರೀತಿಯ ಮಟ್ಟಿಗೆ ಆ ಮಾತು ತೀರ ಸುಳ್ಳಲ್ಲ. ಆದರೆ ಎರವಲು ತಂದ ಆ ರೀತಿಯಿಂದ ಅವನು ಬರೆದದ್ದು ನಮ್ಮ ಶಕುಂತಲೆಯನ್ನು, ದಮಯಂತಿಯನ್ನು. ಇನ್ನೊಂದು ಸಂಗತಿಯನ್ನೂ ತೂಗಿ ನೋಡಬೇಕು. ತನಗೆ ಬಾಗಿಲು ತೆರೆಯದ ವಿದ್ಯೆಯ ಫಲವನ್ನು ಅವನು ಅರಮನೆಗಳಲ್ಲೇ ಬಚ್ಚಿಡಲಿಲ್ಲ; 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು ಮನೆಮನೆಗೆ ಹಂಚಿದನು. 1906ರ ಅಕ್ಟೋಬರ್ 2ರಂದು ಅವನು ತೀರಿಕೊಂಡನು. ಹಳ್ಳಿಯ ಹುಡುಗನು ಯಾರ ಅಪ್ಪಣೆಯನ್ನೂ ಬೇಡದೆ ಎದುರಿಗಿಟ್ಟುಕೊಂಡು ಬರೆಯಬಹುದಾದ ಚಿತ್ರವೊಂದು ಆ ವೇಳೆಗಾಗಲೇ ಗೋಡೆಯ ಮೇಲಿತ್ತು.